ಫೆನ್ಸಿಂಗ್ ತಾಲೀಮು: ಮೈ ಕಟ್ಟುವುದು ಹೇಗೆ, ಕೆಡಿಸಿಕೊಳ್ಳದೆ ಇರುವುದು ಹೇಗೆ

ಫೆನ್ಸಿಂಗ್ ಕಲಿಯುತ್ತೇನೆ ಎಂದರೆ ಮನೆಯವರು ಮೊದಲು ಕೇಳುವುದು ‘ಕತ್ತಿ ಚುಚ್ಚಿಕೊಂಡರೆ?’ ಎಂದು. ಆ ಭಯಕ್ಕೆ ಆಟ ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮುರಿದ ಫಾಯಿಲ್ (ಈ ಆಟದ ಮೂರು ಬಗೆಯ ಕತ್ತಿಗಳಲ್ಲಿ ಒಂದು) ಅಲಗು ಮಾಸ್ಕ್ ತೂರಿ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೋವ್ ಪ್ರಾಣ ಕಳೆದುಕೊಂಡರು. ಆಮೇಲೆ ಅಲಗಿನ ಉಕ್ಕು, ಮಾಸ್ಕ್, ಉಡುಪು ಎಲ್ಲದರ ನಿಯಮವೂ ಬಿಗಿಯಾಯಿತು. ಇಂದು ಅಂತರರಾಷ್ಟ್ರೀಯ ಸ್ಪರ್ಧೆಯ ಉಡುಪು 800 ನ್ಯೂಟನ್, ಮಾಸ್ಕಿನ ಕುತ್ತಿಗೆಪಟ್ಟಿ 1600 ನ್ಯೂಟನ್ ಬಲವನ್ನು ತಡೆಯಬೇಕು. ಈಗ ಫೆನ್ಸರ್‌ಗಳು ವಾರಗಟ್ಟಲೆ ಮನೆಯಲ್ಲಿ ಕೂರುವುದು ಉಳುಕಿದ ಕಾಲು, ಸೆಳೆದ ತೊಡೆ, ಕೀವು ತುಂಬಿದಂತೆ ಮಿಡಿಯುವ ಮಂಡಿ, ನೆಲಕ್ಕೆ ಊರಲಾಗದ ಹಿಮ್ಮಡಿ, ಟೀ ಲೋಟ ಎತ್ತಿದರೂ ಚುರ್ರೆನ್ನುವ ಮೊಣಕೈಯಿಂದ. ಇವುಗಳಲ್ಲಿ ಹೆಚ್ಚಿನವು ಒಂದು ದಿನದಲ್ಲಿ ಬರುವುದಿಲ್ಲ, ಆರೆಂಟು ವಾರ ಸದ್ದಿಲ್ಲದೆ ಸೇರಿಕೊಳ್ಳುತ್ತವೆ.

ವಾರಕ್ಕೆ ಎರಡರಿಂದ ನಾಲ್ಕು ದಿನ ಕ್ಲಬ್ಬಿಗೆ ಹೋಗುವವರು, ‘ಇನ್ನೂ ಸ್ವಲ್ಪ ಫಿಟ್ ಆಗಬೇಕು’ ಎಂದು ಅದರ ಮೇಲೆ ಓಟ, ಜಿಮ್ ಸೇರಿಸಲು ಹೊರಟವರು ಈ ಬರಹದ ಓದುಗರು. ಹೆಚ್ಚು ಪೆಟ್ಟು ತಿನ್ನುವವರೂ ಇವರೇ. ಫೆನ್ಸಿಂಗ್ ಈಗಾಗಲೇ ಸವೆಸುತ್ತಿರುವ ಜಾಗವನ್ನೇ ಜಿಮ್ಮಿನಲ್ಲೂ ಸವೆಸಿ, ಅದು ಮುಟ್ಟದ ಜಾಗವನ್ನು ಹಾಗೇ ಬಿಟ್ಟುಬಿಡುತ್ತಾರೆ.

ಈ ಆಟ ಮೈಯನ್ನು ಎಲ್ಲಿ ಸವೆಸುತ್ತದೆ

ಆನ್‌ಗಾರ್ಡ್, ಅಂದರೆ ಆಟಕ್ಕೆ ಸಿದ್ಧವಾಗಿ ನಿಲ್ಲುವ ನಿಲುವೇ ಓರೆ. ಮುಂದಿನ ಪಾದ ಎದುರಾಳಿಯ ಕಡೆಗೆ, ಹಿಂದಿನ ಪಾದ ಅದಕ್ಕೆ ಅಡ್ಡವಾಗಿ, ಎರಡೂ ಮಂಡಿ ಬಾಗಿ. ಲಂಜ್ (ಮುಂದಿನ ಕಾಲನ್ನು ಉದ್ದಕ್ಕೆ ಚಾಚಿ ಎರಗುವ ದಾಳಿ) ಹೊಡೆದಾಗ ಹಿಂದಿನ ಕಾಲು ತಳ್ಳುತ್ತದೆ, ಮುಂದಿನ ಕಾಲು ಬ್ರೇಕ್ ಹಾಕುತ್ತದೆ. ಹಾಗಾಗಿ ಮುಂದಿನ ತೊಡೆಯ ಮುಂಭಾಗ, ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು, ಹಿಮ್ಮಡಿಯ ತಳ ಇವಿಷ್ಟಕ್ಕೆ ಬ್ರೇಕಿನ ಹೊಡೆತ. ಹಿಂದಿನ ಮೀನಖಂಡ, ಹಿಮ್ಮಡಿಯ ಮೇಲಿನ ಅಕಿಲಿಸ್ ರಜ್ಜು, ತೊಡೆಸಂದಿಗೆ ತಳ್ಳುವ ಮತ್ತು ಎಳೆಯುವ ಹೊಡೆತ. ಕತ್ತಿ ಹಿಡಿದ ಕೈಯ ಮುಂಗೈ ದಪ್ಪವಾಗುತ್ತದೆ, ಇನ್ನೊಂದು ಕೈ ಸುಮ್ಮನೆ ಜೊತೆಗಿರುತ್ತದೆ. ಸೊಂಟ ಗಂಟೆಗಟ್ಟಲೆ ಒಂದೇ ಕಡೆ ತಿರುಗಿರುತ್ತದೆ.

ಆಯುಧಕ್ಕೆ ತಕ್ಕಂತೆ ನೋವೂ ಬದಲಾಗುತ್ತದೆ. ಎಪೆ ಕತ್ತಿಯ ತೂಕದ ಮಿತಿ 770 ಗ್ರಾಂ, ಫಾಯಿಲ್ ಮತ್ತು ಸೇಬರ್‌ಗೆ 500 ಗ್ರಾಂ. ಎಪೆಯವರು ಮೊಣಕೈ, ಭುಜ ಹಿಡಿದುಕೊಂಡು ಬರುವುದು ಅದಕ್ಕೇ. ಸೇಬರ್‌ನಲ್ಲಿ ಕಾಲು ಅಡ್ಡ ದಾಟಿಸಿ ಮುಂದೆ ಓಡಲು ನಿಯಮವೇ ಬಿಡುವುದಿಲ್ಲ. ಇದ್ದ ವೇಗವನ್ನೆಲ್ಲ ಲಂಜ್‌ನಲ್ಲಿ ಸುರಿದು, ಮುಂದಿನ ತೊಡೆಯಲ್ಲಿ ನಿಲ್ಲಿಸಬೇಕು. ಸೇಬರ್ ಆಡುವವರಿಗೆ ತೊಡೆಯ ಸೆಳೆತ, ಹರಡಿನ ಉಳುಕು ಚಿರಪರಿಚಿತ.

ಮೊದಲ ಎರಡು ವಾರ: ಏನೂ ಸೇರಿಸಬೇಡಿ, ಬರೆದಿಡಿ

ಹೊಸ ವ್ಯಾಯಾಮ ಶುರು ಮಾಡುವ ಮುಂಚೆ ಈಗ ಎಷ್ಟು ಮಾಡುತ್ತಿದ್ದೀರಿ ಎಂಬುದು ಗೊತ್ತಿರಬೇಕು. ಒಂದು ನೋಟ್‌ಬುಕ್ ಸಾಕು, ಕೈಗಡಿಯಾರದ ಆ್ಯಪ್ ಬೇಕೆಂದಿಲ್ಲ. ನಾಲ್ಕು ಅಂಕಿ ಬರೆಯಿರಿ.

ಒಂದನೆಯದು ಅಭ್ಯಾಸದ ಭಾರ. ಕ್ಲಾಸ್ ಮುಗಿದು ಅರ್ಧ ಗಂಟೆಯಾದ ಮೇಲೆ ‘ಇವತ್ತು ಎಷ್ಟು ಕಷ್ಟ ಅನಿಸಿತು’ ಎಂದು 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು, ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 6 ಎಂದರೆ 540. ಜಿಮ್, ಓಟ, ಆಫೀಸಿನ ಕ್ರಿಕೆಟ್ ಮ್ಯಾಚ್ ಎಲ್ಲವನ್ನೂ ಹೀಗೇ ಲೆಕ್ಕ ಹಾಕಿ ವಾರದ ಮೊತ್ತ ತೆಗೆಯಿರಿ. ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ: ಕೊನೆಯ ಬೌಟ್ (ಪಂದ್ಯ) ಸೋತವರು ಆಗಲೇ ಅಂಕ ಕೊಟ್ಟರೆ ಅದು ಸೋಲಿನ ಅಂಕವಾಗಿರುತ್ತದೆ, ಅಭ್ಯಾಸದ ಅಂಕವಲ್ಲ.

ಎರಡನೆಯದು ಲಂಜ್ ಎಣಿಕೆ. ಇದನ್ನು ಬರೆಯುವವರು ತೀರ ಕಡಿಮೆ, ಆದರೆ ಮಂಡಿಗೆ ಗೊತ್ತಾಗುವ ಲೆಕ್ಕ ಇದೊಂದೇ. ಒಂದೂವರೆ ಗಂಟೆಯ ಎರಡು ಕ್ಲಾಸ್‌ಗಳಲ್ಲಿ ಒಂದರಲ್ಲಿ 50, ಇನ್ನೊಂದರಲ್ಲಿ 200 ಲಂಜ್ ಇರಬಹುದು. ಡ್ರಿಲ್ ಮತ್ತು ಪಾಠದಲ್ಲಿ ಎಣಿಸುವುದು ಸುಲಭ. ಬೌಟ್‌ನಲ್ಲಿ ಎಣಿಸುತ್ತ ಕೂತರೆ ಪಾಯಿಂಟ್ ಹೋಗುತ್ತದೆ, ಹಾಗಾಗಿ ಒಂದು ದಿನ ಪಕ್ಕದಲ್ಲಿ ಕೂತ ಗೆಳೆಯರಿಗೆ ಎಣಿಸಲು ಹೇಳಿ, ಆ ಸರಾಸರಿಯನ್ನೇ ಬಳಸಿ. ಹೊಸಬರಿಗೆ ನಮ್ಮ ಸಲಹೆ: ಮೊದಲ ನಾಲ್ಕು ವಾರ ಒಂದು ಕ್ಲಾಸ್‌ಗೆ ಪೂರ್ಣ ಉದ್ದದ ಲಂಜ್ 60–80 ದಾಟುವುದು ಬೇಡ. ಮಿಕ್ಕಿದ್ದು ಅರ್ಧ ಲಂಜ್‌ನಲ್ಲಿ ನಡೆಯಲಿ.

ಮೂರನೆಯದು ಬೆಳಗಿನ ನಾಡಿ. ಎದ್ದ ಕೂಡಲೇ, ಹಾಸಿಗೆಯಲ್ಲೇ, ಕಾಫಿಗೂ ಮೊಬೈಲಿಗೂ ಮುಂಚೆ 60 ಸೆಕೆಂಡ್ ಎಣಿಸಿ. ನಾಲ್ಕನೆಯದು ನಿದ್ರೆಯ ಗಂಟೆ, ಪಕ್ಕದಲ್ಲೇ ಮನಸ್ಸು ಹೇಗಿದೆ ಎಂದು ಒಂದು ಪದ.

ಜೊತೆಗೆ ಒಂದು ಜಿಗಿತ. ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿಕೊಂಡು ಗೋಡೆಯ ಪಕ್ಕ ನಿಂತಲ್ಲಿಂದಲೇ ಮೂರು ಬಾರಿ ಹಾರಿ, ಅತಿ ಎತ್ತರದ ಗುರುತನ್ನು ಅಳೆಯಿರಿ. ಮೈ ಕಾಯಿಸಿಕೊಂಡ ಮೇಲೆ, ವಾರಕ್ಕೊಮ್ಮೆ, ಅದೇ ಶೂ, ಅದೇ ಹೊತ್ತು. ನಿಂತಾಗಿನ ಗುರುತಿಗೂ ಹಾರಿದಾಗಿನ ಗುರುತಿಗೂ ನಡುವಿನ ಅಂತರ ನಿಮ್ಮ ಸರಾಸರಿಗಿಂತ ಶೇ. 10ರಷ್ಟು ಕುಸಿದರೆ ಕಾಲು ಇನ್ನೂ ಸುಧಾರಿಸಿಕೊಂಡಿಲ್ಲ ಎಂದರ್ಥ. ಅವತ್ತು ಲಂಜ್ ಡ್ರಿಲ್ ಬಿಟ್ಟು ಕೈಯ ಕೆಲಸ ಮಾಡಿ.

ಏರಿಸುವ ಬಗೆ

ಎರಡು ವಾರದ ಸರಾಸರಿ ಸಿಕ್ಕಿದ ಮೇಲೆ ಅಲ್ಲಿಂದ ಏರಿಸಿ. ವಾರಕ್ಕೆ ಶೇ. 10ರ ಆಸುಪಾಸು ಎಂಬುದು ಹಳೆಯ ಲೆಕ್ಕ. ಅದೇನೂ ಶಾಸನವಲ್ಲ, ಕಡಿಮೆ ಮಾಡುತ್ತಿರುವವರು ಸ್ವಲ್ಪ ಹೆಚ್ಚೇ ಏರಿಸಬಹುದು, ಈಗಾಗಲೇ ಹೊರಲಾರದಷ್ಟು ಹೊತ್ತವರಿಗೆ ಶೇ. 10 ಕೂಡ ಜಾಸ್ತಿ. ಕಾಲು ಮುರಿಯುವುದು ಮೆಟ್ಟಿಲಿನಿಂದಲ್ಲ, ನೆಗೆತದಿಂದ: ವಾರಕ್ಕೆ 1500 ಭಾರ ಹೊರುತ್ತಿದ್ದವರು ಕ್ಯಾಂಪ್ ಎಂದು ಹೋಗಿ ಐದೇ ದಿನದಲ್ಲಿ 4000 ಹೊತ್ತು ಬರುವುದು, ಪರೀಕ್ಷೆಗೆಂದು ಒಂದು ತಿಂಗಳು ಬಿಟ್ಟವರು ಮೊದಲ ದಿನವೇ ಹಳೆಯ ಎಣಿಕೆಗೆ ಮರಳುವುದು. ಕ್ಯಾಂಪ್ ಇದೆಯೆಂದು ಗೊತ್ತಿದ್ದರೆ ನಾಲ್ಕು ವಾರ ಮುಂಚಿನಿಂದಲೇ ಲಂಜ್ ಎಣಿಕೆ ಏರಿಸುತ್ತ ಬನ್ನಿ.

ಮೂರು ವಾರ ಏರಿಸಿ, ನಾಲ್ಕನೇ ವಾರ ಮೊತ್ತವನ್ನು ಶೇ. 30–40 ಇಳಿಸಿ. ಇಳಿಸುವಾಗ ವೇಗ ಬಿಡಬೇಡಿ, ಎಣಿಕೆ ಬಿಡಿ: ನಾಲ್ಕು ಸೆಟ್ ಬದಲು ಎರಡು, ಆದರೆ ಆ ಎರಡೂ ಚುರುಕಾಗಿ. ಈ ಇಳಿಕೆಯ ವಾರವನ್ನೇ ಜನ ಹಾರಿಸಿಬಿಡುತ್ತಾರೆ, ‘ಈಗ ತಾನೆ ಚೆನ್ನಾಗಿ ಆಡುತ್ತಿದ್ದೇನೆ’ ಎಂಬ ಕಾರಣಕ್ಕೆ. ಮೈ ಬಲವಾಗುವುದು ಆ ವಾರದಲ್ಲೇ.

ಒಂದೇ ಮೊತ್ತವನ್ನು ಏಳು ದಿನಕ್ಕೂ ಸಮನಾಗಿ ಹರಡಿದರೆ ಮೈಗೆ ಹೆಚ್ಚು ಭಾರ. ಕಷ್ಟದ ದಿನ ನಿಜಕ್ಕೂ ಕಷ್ಟವಿರಲಿ, ಹಗುರ ದಿನ ನಿಜಕ್ಕೂ ಹಗುರವಿರಲಿ. ಅದಕ್ಕೆ ಜಿಮ್ ಕೆಲಸವನ್ನು ಕ್ಲಬ್ ಇಲ್ಲದ ದಿನಕ್ಕೆ ತಳ್ಳುವ ಬದಲು ಕ್ಲಬ್ ಇರುವ ದಿನಕ್ಕೇ ಅಂಟಿಸುವುದು ಮೇಲು. ಕೆಲಸಕ್ಕೆ ಹೋಗುವವರ ಒಂದು ವಾರ ಹೀಗಿರಬಹುದು: ಸೋಮವಾರ ಸೈಕಲ್ ಮೇಲೆ 20 ನಿಮಿಷ ಚುರುಕಿನ ಕೆಲಸ, ಮಂಗಳವಾರ ಫೆನ್ಸಿಂಗ್, ಅದಾದ ಮೇಲೆ 35 ನಿಮಿಷ ಶಕ್ತಿ ವ್ಯಾಯಾಮ, ಬುಧವಾರ ರಜೆ, ಗುರುವಾರ ಪಾಠ ಮತ್ತು ತಂತ್ರ, ಮತ್ತೆ ಶಕ್ತಿ ವ್ಯಾಯಾಮ, ಶುಕ್ರವಾರ ನಡಿಗೆ ಇಲ್ಲವೆ ನಿಧಾನದ ಸೈಕಲ್ ಅರ್ಧ ಗಂಟೆ, ಶನಿವಾರ ಬೌಟ್‌ಗಳು, ಭಾನುವಾರ ಪೂರ್ತಿ ರಜೆ. ಎಂಟು ಗಂಟೆ ಕುರ್ಚಿ, ಎರಡು ಗಂಟೆ ಟ್ರಾಫಿಕ್ ಮುಗಿಸಿ ನೇರವಾಗಿ ಪಿಸ್ಟ್ (ಆಟ ನಡೆಯುವ ಉದ್ದನೆಯ ಪಟ್ಟಿ) ಮೇಲೆ ಕಾಲಿಡುವವರು ಸೊಂಟದ ಮುಂಭಾಗ ಬಿಗಿದುಕೊಂಡೇ ಬರುತ್ತಾರೆ. ಅವರಿಗೆ ವಾರ್ಮ್ ಅಪ್ ಐದು ನಿಮಿಷ ಹೆಚ್ಚು ಬೇಕು.

ಲಂಜ್ ಸರಿಯಿದೆಯೇ?

ಶಕ್ತಿ ವ್ಯಾಯಾಮಕ್ಕೂ ಮೊದಲು ಇದನ್ನು ನೋಡಿ. ಮೊಬೈಲನ್ನು ಸೊಂಟದ ಎತ್ತರಕ್ಕಿಟ್ಟು ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ಐದೈದು ಲಂಜ್ ಚಿತ್ರೀಕರಿಸಿ. ಮೈ ತಾಜಾ ಇದ್ದಾಗ ಒಂದು ಸಲ, ಕ್ಲಾಸಿನ ಕೊನೆಯಲ್ಲಿ ಇನ್ನೊಂದು ಸಲ.

ಎದುರಿನಿಂದ ನೋಡಿದಾಗ ಮುಂದಿನ ಮಂಡಿ ಶೂ ಲೇಸಿನ ನೇರಕ್ಕಿರಬೇಕು. ಅದು ಒಳಕ್ಕೆ, ಹೆಬ್ಬೆರಳನ್ನೂ ದಾಟಿ ವಾಲಿದರೆ ಮಂಡಿಚಿಪ್ಪು ಓರೆಯಾಗಿ ಉಜ್ಜುತ್ತದೆ. ಕಾರಣ ಸಾಮಾನ್ಯವಾಗಿ ಪೃಷ್ಠದ ಪಕ್ಕದ ಸ್ನಾಯುವಿನ ಬಲಹೀನತೆ. ಹಿಂದಿನ ಪಾದದ ಅಡಿ ನೆಲಕ್ಕೆ ಅಂಟಿರಬೇಕು. ಪಾದ ಒಳಮಗ್ಗುಲಿಗೆ ಮಗುಚಿಕೊಂಡು ಹರಡು ಕುಸಿದರೆ ಹಿಂದಿನ ಮಂಡಿಯ ಒಳಬದಿಯ ಕಟ್ಟು ಎಳೆಯುತ್ತದೆ. ‘ಇನ್ನೂ ಉದ್ದ, ಇನ್ನೂ ಉದ್ದ’ ಎಂದು ಲಂಜ್ ಚಾಚುವವರಲ್ಲಿ ಈ ತಪ್ಪು ಖಾಯಂ. ಅರ್ಧ ಅಡಿ ಮೊಟಕು ಮಾಡಿ, ಹಿಂದಿನ ಕಾಲಿನ ತಳ್ಳುವಿಕೆ ಜೋರು ಮಾಡಿದರೆ ತಲುಪುವ ದೂರ ಅಷ್ಟೇ ಸಿಗುತ್ತದೆ.

ಪಕ್ಕದಿಂದ ನೋಡುವಾಗ ಮುಂದಿನ ಕಾಲ್ಬೆರಳು ಮೊದಲು ಎದ್ದು, ಹಿಮ್ಮಡಿ ಮೊದಲು ತಾಗಿ, ಪಾದ ಉರುಳಬೇಕು. ಹಿಮ್ಮಡಿಯನ್ನು ಕುಟ್ಟಬಾರದು, ಜಾರಿಸಿ ಇಳಿಸಬೇಕು. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ: ‘ಧಪ್’ ಎಂದರೆ ತಪ್ಪು. ಹಿಂದೆ ಬರುವಾಗ ಮೊದಲು ಹಿಂದಿನ ಮಂಡಿ ಬಾಗಬೇಕು. ಅದು ನೇರವಾಗಿಯೇ ಇದ್ದು ಮುಂದಿನ ಕಾಲೊಂದೇ ಇಡೀ ಮೈಯನ್ನು ಹಿಂದಕ್ಕೆ ನೂಕಿದರೆ ಮಂಡಿಚಿಪ್ಪಿನ ಕೆಳಗಿನ ನೋವಿಗೆ ದಾರಿಯಾಯಿತು.

ಕ್ಲಾಸಿನ ಕೊನೆಯ ವಿಡಿಯೊದಲ್ಲಿ ಮಾತ್ರ ಈ ತಪ್ಪುಗಳು ಕಂಡರೆ ತಂತ್ರ ಗೊತ್ತಿದೆ, ಬಲ ಸಾಲುತ್ತಿಲ್ಲ. ಸತತ ಎರಡು ಲಂಜ್‌ನಲ್ಲಿ ಮಂಡಿ ಒಳಕ್ಕೆ ವಾಲಿತೋ, ಆ ಸೆಟ್ ಅಲ್ಲಿಗೆ ಮುಗಿಯಲಿ. ಕೋಚ್ ‘ಇನ್ನು ಹತ್ತು’ ಎಂದರೆ ‘ಸರ್, ಫಾರ್ಮ್ ಹೋಗ್ತಿದೆ’ ಎಂದು ಹೇಳಿ. ಒಳ್ಳೆಯ ಕೋಚ್ ಬೇಸರ ಮಾಡಿಕೊಳ್ಳುವುದಿಲ್ಲ.

ಆಟ ಕೊಡದ ಬಲ: ವಾರಕ್ಕೆರಡು ದಿನ

ಒಂದು ನಿಯಮ ಎಲ್ಲದಕ್ಕೂ ಅನ್ವಯ: ಬಲಹೀನ ಕಾಲಿನಿಂದ ಶುರು ಮಾಡಿ, ಅದು ಎಷ್ಟು ಮಾಡಿತೋ ಬಲವಾದ ಕಾಲಿಗೂ ಅಷ್ಟೇ. ಇನ್ನೂ ಎರಡು ಮಾಡಬಹುದಿತ್ತು ಅನಿಸುವಾಗಲೇ ಸೆಟ್ ನಿಲ್ಲಿಸಿ.

ಹಿಂದಿನ ಪಾದವನ್ನು ಬೆಂಚಿನ ಮೇಲಿಟ್ಟು ಒಂಟಿಕಾಲು ಬಸ್ಕಿ, ಪ್ರತಿ ಕಾಲಿಗೆ 6–8, ಮೂರು ಸೆಟ್. ಮೊದಲ ಎರಡು ವಾರ ತೂಕವಿಲ್ಲದೆ. ಆಮೇಲೆ ಎರಡೂ ಕೈಯಲ್ಲಿ 4–5 ಕಿಲೋ ಡಂಬ್‌ಬೆಲ್. ಇಳಿಯಲು ಮೂರು ಸೆಕೆಂಡ್ ತೆಗೆದುಕೊಳ್ಳಿ, ಬ್ರೇಕ್ ಹಾಕುವ ಬಲ ಬರುವುದು ಇಳಿಯುವಾಗ.

ಒಂಟಿಕಾಲಿನ ರೊಮೇನಿಯನ್ ಡೆಡ್‌ಲಿಫ್ಟ್ (ಸೊಂಟದಿಂದ ಮುಂದಕ್ಕೆ ಬಾಗಿ ಏಳುವುದು), 8ರಂತೆ ಮೂರು ಸೆಟ್, ತೊಡೆಯ ಹಿಂಭಾಗಕ್ಕೆ. ಅದರ ಜೊತೆಗೆ ನಾರ್ಡಿಕ್: ಮಂಡಿಯೂರಿ, ಯಾರಾದರೂ ಹರಡು ಒತ್ತಿ ಹಿಡಿದಿರುವಾಗ, ಮೈಯನ್ನು ಹಲಗೆಯಂತೆ ನೆಟ್ಟಗಿಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಫುಟ್‌ಬಾಲ್ ಆಟಗಾರರಲ್ಲಿ ತೊಡೆಯ ಹಿಂಭಾಗದ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದ ವ್ಯಾಯಾಮ ಇದು. ಶುರುವಿಗೆ 3–4ರಂತೆ ಎರಡೇ ಸೆಟ್, ವಾರಕ್ಕೊಮ್ಮೆ. ಮೊದಲ ದಿನವೇ ಹತ್ತು ಮಾಡಿದರೆ ಮೂರು ದಿನ ಮೆಟ್ಟಿಲು ಇಳಿಯಲಾಗದು. ಸ್ಪರ್ಧೆಗೆ ಮೂರು ದಿನ ಇರುವಾಗ ಮಾಡಲೇಬೇಡಿ.

ತೊಡೆಸಂದಿಗೆ ಕೋಪನ್‌ಹೇಗನ್ ಹಲಗೆ. ಪಕ್ಕಕ್ಕೆ ಮಲಗಿ, ಮೇಲಿನ ಮಂಡಿಯನ್ನು ಬೆಂಚಿನ ಮೇಲಿಟ್ಟು, ಸೊಂಟ ಎತ್ತಿ ಇಳಿಸಿ, 6–8ರಂತೆ ಎರಡು ಸೆಟ್. ಪಾದವನ್ನು ಬೆಂಚಿನ ಮೇಲಿಟ್ಟು ಮಾಡುವ ಕಷ್ಟದ ರೂಪಕ್ಕೆ ಆರು ವಾರ ಕಾಯಿರಿ.

ಮೀನಖಂಡವನ್ನು ಜನ ಮರೆತೇಬಿಡುತ್ತಾರೆ. ಮೆಟ್ಟಿಲ ಅಂಚಿನಲ್ಲಿ ಒಂಟಿಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತಿ, ಎಷ್ಟಾಗುತ್ತದೋ ಎಣಿಸಿ. 20–25 ಬಂದರೆ ಸರಿ. ಎರಡು ಕಾಲಿನ ನಡುವೆ ಐದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಅದನ್ನು ಮೊದಲು ಸರಿಪಡಿಸಿ. ಮಂಡಿ ನೇರವಿಟ್ಟು 12ರಂತೆ ಮೂರು ಸೆಟ್, ಮಂಡಿ ಬಾಗಿಸಿ ಎರಡು ಸೆಟ್. ಆನ್‌ಗಾರ್ಡ್‌ನಲ್ಲಿ ಮಂಡಿ ಬಾಗಿಯೇ ಇರುವುದರಿಂದ ಎರಡನೆಯದನ್ನು ಬಿಡುವ ಹಾಗಿಲ್ಲ.

ಮೈಯ ಮೇಲ್ಭಾಗಕ್ಕೆ ಎಳೆಯುವ ಒಂದು ವ್ಯಾಯಾಮ (ಡಂಬ್‌ಬೆಲ್ ರೋ, ಎರಡೂ ಕೈ), ಪಕ್ಕದ ಹಲಗೆ ಎರಡೂ ಕಡೆ 30 ಸೆಕೆಂಡ್, ಕೈಯಲ್ಲಿ ತೂಕ ಹಿಡಿದು 20 ಮೀಟರ್ ನಡಿಗೆ. ಇಷ್ಟೇ ಸಾಕು. ಕತ್ತಿಯಿಲ್ಲದ ಕೈಯಲ್ಲಿ, ಕಾಲು ಅದಲುಬದಲು ಮಾಡಿದ ನಿಲುವಿನಲ್ಲಿ, ವಾರಕ್ಕೊಮ್ಮೆ ಹತ್ತು ನಿಮಿಷ ಫುಟ್‌ವರ್ಕ್ ಮಾಡುವುದೂ ಒಳ್ಳೆಯದು. ನೋಡಲು ನಗು ಬರುತ್ತದೆ, ಸೊಂಟಕ್ಕೆ ಮಾತ್ರ ಹಿತ.

ದಮ್ಮು ಬೆಳೆಸುವುದಕ್ಕೆ ರಸ್ತೆಯೇ ಬೇಕೆಂದಿಲ್ಲ

ಪೂಲ್ (ಗುಂಪು ಹಂತದ) ಬೌಟ್ 5 ಪಾಯಿಂಟ್, 3 ನಿಮಿಷ. ನಾಕೌಟ್ 15 ಪಾಯಿಂಟ್. ಫಾಯಿಲ್, ಎಪೆಯಲ್ಲಿ 3 ನಿಮಿಷದ ಮೂರು ಅವಧಿ, ನಡುವೆ ಒಂದು ನಿಮಿಷ ವಿರಾಮ. ಸೇಬರ್‌ನಲ್ಲಿ ಗಡಿಯಾರಕ್ಕಿಂತ ಪಾಯಿಂಟ್ ಮುಂದೆ ಓಡುತ್ತದೆ, ಒಬ್ಬರು 8 ಮುಟ್ಟಿದಾಗ ವಿರಾಮ. ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಫೆನ್ಸರ್, ಚೆನ್ನೈನ ಭವಾನಿ ದೇವಿ 2021ರಲ್ಲಿ ಟೋಕಿಯೋದಲ್ಲಿ ಮೊದಲ ಸುತ್ತನ್ನು 15–3ರಿಂದ ಗೆದ್ದದ್ದು ಈ ಸೇಬರ್‌ನಲ್ಲೇ. ಅಂದರೆ ಬೇಕಾದ್ದು ಕೆಲವೇ ಸೆಕೆಂಡಿನ ಸ್ಫೋಟ, ಸ್ವಲ್ಪ ಬಿಡುವು, ಮತ್ತೆ ಸ್ಫೋಟ, ಹೀಗೆ ದಿನವಿಡೀ.

ಇದನ್ನು ಸೈಕಲ್ ಅಥವಾ ರೋಯಿಂಗ್ ಯಂತ್ರದಲ್ಲಿ ಮಾಡಿ: 8 ಸೆಕೆಂಡ್ ಪೂರ್ತಿ ಬಲ, 22 ಸೆಕೆಂಡ್ ಹಗುರ, ಹೀಗೆ ಹತ್ತು ಸಲ ಎಂದರೆ ಐದು ನಿಮಿಷ, ಮೂರು ನಿಮಿಷ ಬಿಟ್ಟು ಇನ್ನೊಮ್ಮೆ. ಮೊದಲ ತಿಂಗಳಿಗೆ ಎರಡು ಸುತ್ತು ಸಾಕು. ಲಂಜ್ ಹೊಡೆದೇ ಇದನ್ನು ಮಾಡಬಹುದಲ್ಲ ಎಂದರೆ, ಮಾಡಬಹುದು. ಆದರೆ ಆ ಎಣಿಕೆ ಮಂಡಿಯ ಖಾತೆಗೆ ಹೋಗುತ್ತದೆ. ಬೆಳಗ್ಗೆ ಟಾರು ರಸ್ತೆಯಲ್ಲಿ 10 ಕಿಲೋಮೀಟರ್ ಓಡುವುದೂ ಹಾಗೆಯೇ. ಓಟ ಕೆಟ್ಟದ್ದೇನಲ್ಲ, ಸಂಜೆ ಅದೇ ಮೀನಖಂಡ, ಅದೇ ಹಿಮ್ಮಡಿಯಿಂದ ಕೆಲಸ ತೆಗೆಯಬೇಕಲ್ಲ, ಅದೇ ತೊಂದರೆ.

ವಾರ್ಮ್ ಅಪ್, ನೆಲ, ಶೂ

ಹದಿನೈದು ನಿಮಿಷ. ನಾಲ್ಕು ನಿಮಿಷ ಸ್ಕಿಪ್ಪಿಂಗ್ ಅಥವಾ ನಿಧಾನದ ಓಟ, ಕಾಲು ಬೀಸುವುದು ಹತ್ತತ್ತು, ಬಸ್ಕಿ ಹತ್ತು, ಪಕ್ಕಕ್ಕೆ ಜಾರುವುದು, ಒಂಟಿಕಾಲಿನಲ್ಲಿ ಕಣ್ಣು ಮುಚ್ಚಿ 30 ಸೆಕೆಂಡ್. ಆಮೇಲೆ ಅರ್ಧ ಲಂಜ್ ಆರು, ಮುಕ್ಕಾಲು ಆರು, ಪೂರ್ಣ ಆರು. ತಣ್ಣಗಿನ ಮೈಯಲ್ಲಿ ಒಂದು ನಿಮಿಷ ಕಾಲು ಸೀಳಿ ಕೂರುವ ಹಳೆಯ ಪದ್ಧತಿ ಬೇಡ; ಅದನ್ನು ಕೊನೆಗಿಟ್ಟುಕೊಳ್ಳಿ.

ನಮ್ಮಲ್ಲಿ ಅನೇಕ ಕಡೆ ಅಭ್ಯಾಸ ನಡೆಯುವುದು ಮೊಸಾಯಿಕ್, ಗ್ರಾನೈಟ್, ಇಲ್ಲವೆ ಸಿಮೆಂಟ್ ನೆಲದ ಹಾಲ್‌ನಲ್ಲಿ. ಅಂಥ ನೆಲದಲ್ಲಿ ಶೂಗೆ ಸಿಲಿಕೋನ್ ಹಿಮ್ಮಡಿ ಬಟ್ಟಲು ಹಾಕಿ. ಒಂದೇ ಕಾಲಿಗೆ ಹಾಕಿದರೆ ಎತ್ತರ ಏರುಪೇರಾಗುತ್ತದೆ, ಎರಡಕ್ಕೂ ಹಾಕಿ. ಓಟದ ಶೂ ಬೇಡವೇ ಬೇಡ. ಅದರ ದಪ್ಪ, ಮೆತ್ತನೆ ಅಡಿ ಪಕ್ಕದ ಚಲನೆಯಲ್ಲಿ ಮಗುಚುತ್ತದೆ. ಫೆನ್ಸಿಂಗ್ ಶೂ ದುಬಾರಿಯೆನಿಸಿದರೆ ಬ್ಯಾಡ್ಮಿಂಟನ್ ಶೂ ಚೆನ್ನಾಗಿಯೇ ನಡೆಯುತ್ತದೆ. ಪಿಸ್ಟ್‌ನ ಉದ್ದ 14 ಮೀಟರ್, ಅಗಲ ಒಂದೂವರೆಯಿಂದ ಎರಡು ಮೀಟರ್. ಹಾಸಿದ ಪಿಸ್ಟ್‌ನ ಅಂಚು ಎದ್ದಿದ್ದರೆ ಟೇಪ್ ಹಾಕದೆ ಆಡಬೇಡಿ. ಹಿಂದೆ ಸರಿಯುವಾಗ ಅಂಚಿಗೆ ಕಾಲು ಸಿಕ್ಕರೆ ಹರಡು ಉಳುಕಿತೆಂದೇ ಲೆಕ್ಕ.

ಮುಂಗೈಗೆ ಒಂದು ಮಾತು. ಹಿಡಿ ದೊಡ್ಡದಾದರೂ ಚಿಕ್ಕದಾದರೂ ಬೆರಳು ಬಿಗಿಹಿಡಿಯುತ್ತವೆ, ಪ್ಯಾರಿಯ (ಎದುರಾಳಿಯ ಅಲಗನ್ನು ತಡೆದು ಸರಿಸುವುದು) ಅದುರು ನೇರ ಮೊಣಕೈಗೆ ಹೋಗುತ್ತದೆ. ಬೌಟ್‌ಗಳ ನಡುವೆ ಕತ್ತಿ ಕೆಳಗಿಟ್ಟು ಬೆರಳು ಅಗಲಿಸಿ. ಮೊಣಕೈಯ ಹೊರಬದಿ ನೋವು ಶುರುವಾಗಿದ್ದರೆ ಒಂದು ಲೀಟರ್ ನೀರಿನ ಬಾಟಲಿ ಹಿಡಿದು, ಅಂಗೈ ಕೆಳಮುಖವಾಗಿ ಮೇಜಿನ ಅಂಚಿನಿಂದ ಹೊರಗಿಟ್ಟು, ಇನ್ನೊಂದು ಕೈಯಿಂದ ಎತ್ತಿ, ನೋಯುವ ಕೈಯಿಂದ ನಿಧಾನವಾಗಿ ಇಳಿಸಿ. 15ರಂತೆ ಮೂರು ಸೆಟ್, ದಿನ ಬಿಟ್ಟು ದಿನ, ಆರರಿಂದ ಎಂಟು ವಾರ. ಎರಡು ವಾರಕ್ಕೇ ವಾಸಿಯಾಗಲಿಲ್ಲ ಎಂದು ಬಿಟ್ಟರೆ ಮಾಡಿದ್ದೂ ವ್ಯರ್ಥ.

ಊಟ, ನೀರು, ನಿದ್ರೆ

ಅತಿತಾಲೀಮು ಎಂದು ಬರುವವರಲ್ಲಿ ಹಲವರದ್ದು ಕಡಿಮೆ ಊಟ. ಸಂಜೆ 6ಕ್ಕೆ ಕ್ಲಾಸ್, ಮಧ್ಯಾಹ್ನ 1ಕ್ಕೆ ಊಟ, ರಾತ್ರಿ 10ಕ್ಕೆ ಮನೆ: ಒಂಬತ್ತು ಗಂಟೆ ಹೊಟ್ಟೆ ಖಾಲಿ. ಕ್ಲಾಸಿಗೆ ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ ಅಥವಾ ಬಾಳೆಹಣ್ಣು, ಅವಲಕ್ಕಿ. ಮುಗಿದ ಒಂದು ಗಂಟೆಯೊಳಗೆ ಹಾಲು, ಮೊಟ್ಟೆ, ಕಡಲೆಕಾಯಿಯಂಥದ್ದು ಏನಾದರೂ.

ಪ್ರೋಟೀನ್ ದೇಹತೂಕದ ಪ್ರತಿ ಕಿಲೋಗೆ 1.4ರಿಂದ 2 ಗ್ರಾಂ. 60 ಕಿಲೋ ತೂಗುವವರು 1.6 ಹಿಡಿದರೆ 96 ಗ್ರಾಂ. ತಿಳಿಸಾರು ಅನ್ನದಲ್ಲಿ ಇದು ಹುಟ್ಟುವುದಿಲ್ಲ. ಮೊಟ್ಟೆಗೆ ಸುಮಾರು 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿಗೆ 8, 100 ಗ್ರಾಂ ಪನೀರ್‌ಗೆ 18ರ ಸುಮಾರು, 50 ಗ್ರಾಂ ಒಣ ಸೋಯಾ ಚಂಕ್ಸ್‌ಗೆ 25, ಒಂದು ಹಿಡಿ ಕಡಲೆಕಾಯಿಗೆ 7. ಸಾರಿಗೆ ಬೇಳೆ ಗಟ್ಟಿಯಾಗಿ ಬೀಳಲಿ, ಮೊಳಕೆಕಾಳಿನ ಪಲ್ಯ ತಟ್ಟೆಯ ಮೂಲೆಯಿಂದ ನಡುವಿಗೆ ಬರಲಿ. ರಾಗಿ ಮುದ್ದೆ ಶಕ್ತಿಗೂ ಕ್ಯಾಲ್ಸಿಯಂಗೂ ಒಳ್ಳೆಯದು, ಪ್ರೋಟೀನಿಗೆ ಅದರ ಜೊತೆಯ ಬಸ್ಸಾರನ್ನು ನಂಬಿ.

ಜಾಕೆಟ್, ಪ್ಲಾಸ್ಟ್ರನ್ (ಒಳಗೆ ತೊಡುವ ರಕ್ಷಾ ಉಡುಪು), ಮಾಸ್ಕ್ ಹೊತ್ತು ಏಪ್ರಿಲ್‌ನಲ್ಲಿ ಆಡಿದರೆ ಬೆವರು ಹರಿಯುತ್ತದೆ. ಕ್ಲಾಸಿಗೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹೋಗಿದೆ, ಮುಂದಿನ ಕೆಲವು ಗಂಟೆಗಳಲ್ಲಿ ಒಂದೂಕಾಲರಿಂದ ಒಂದೂವರೆ ಲೀಟರ್ ಕುಡಿಯಿರಿ, ಉಪ್ಪಿನ ಮಜ್ಜಿಗೆಯೂ ಸೇರಲಿ. ವಿಪರೀತ ವ್ಯಾಯಾಮದ ಮರುದಿನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿ ಸ್ನಾಯು ಊದಿಕೊಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕರಗಿದ ಸ್ನಾಯು ಮೂತ್ರಪಿಂಡಕ್ಕೆ ಅಪಾಯ. ನಿದ್ರೆ ದೊಡ್ಡವರಿಗೆ 7ರಿಂದ 9 ಗಂಟೆ, ಹದಿಹರೆಯದವರಿಗೆ 8ರಿಂದ 10.

ಸುಸ್ತೋ, ಅತಿತಾಲೀಮೋ

ಒಂದು ಕಷ್ಟದ ವಾರದ ಸುಸ್ತು ನಾಲ್ಕೈದು ದಿನದ ವಿರಾಮಕ್ಕೆ ಹೋಗಿ, ಆಟ ಮೊದಲಿಗಿಂತ ಮೇಲಾಗುತ್ತದೆ. ಎರಡು-ಮೂರು ವಾರ ಬಿಟ್ಟರೂ ಆಟ ಹಳೆಯ ಮಟ್ಟಕ್ಕೆ ಬರದಿದ್ದರೆ ಎಚ್ಚರಿಕೆ. ತಿಂಗಳುಗಟ್ಟಲೆ ಹಾಗೇ ಉಳಿದರೆ ಅದು ಅತಿತಾಲೀಮಿನ ಸ್ಥಿತಿ. ಅದಕ್ಕೆ ವೈದ್ಯರು ಬೇಕು, ಏಕೆಂದರೆ ರಕ್ತಹೀನತೆ, ಥೈರಾಯ್ಡ್, ಯಾವುದೋ ಸೋಂಕು ಕೂಡ ಇದೇ ವೇಷದಲ್ಲಿ ಬರುತ್ತವೆ.

ಪಿಸ್ಟ್ ಮೇಲೆ ಅದರ ಸುಳಿವು ಮೊದಲು ಕಾಣುವುದು ಕಾಲಿನಲ್ಲಿ ಅಲ್ಲ. ಪ್ಯಾರಿ ಕೂದಲೆಳೆಯಷ್ಟು ತಡವಾಗುತ್ತದೆ, ದೂರದ ಅಂದಾಜು ತಪ್ಪುತ್ತದೆ, ಯಾವಾಗಲೂ ಸೋಲುತ್ತಿದ್ದ ಎದುರಾಳಿ ಗೆಲ್ಲತೊಡಗುತ್ತಾನೆ. ಆಗ ಫೆನ್ಸರ್ ಮಾಡುವುದು ಒಂದೇ: ‘ಅಭ್ಯಾಸ ಸಾಲದು’ ಎಂದು ಇನ್ನೊಂದು ದಿನ ಸೇರಿಸುತ್ತಾನೆ. ಗುಂಡಿಯಲ್ಲಿರುವವನ ಕೈಗೆ ಗುದ್ದಲಿ ಕೊಟ್ಟಂತೆ.

ನೋಟ್‌ಬುಕ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆಳಗಿನ ನಾಡಿ ಸರಾಸರಿಗಿಂತ 7–8 ಬಡಿತ ಹೆಚ್ಚಾಗಿ ಮೂರು ದಿನ ನಿಲ್ಲುವುದು, ದಣಿದಿದ್ದರೂ ನಿದ್ರೆ ಬರದಿರುವುದು, ಜಿಗಿತ ಕುಸಿಯುವುದು, ಕ್ಲಬ್ಬಿಗೆ ಹೋಗಲು ಮನಸ್ಸೇ ಇಲ್ಲದಿರುವುದು. ಇವುಗಳಲ್ಲಿ ಒಂದಿದ್ದರೆ ಗಮನಿಸಿ, ಎರಡಿದ್ದರೆ ಅವತ್ತಿನ ಕೆಲಸ ಅರ್ಧ, ಮೂರಿದ್ದರೆ ಮೂರು ದಿನ ನಡಿಗೆ ಮಾತ್ರ. ಹೆಣ್ಣುಮಕ್ಕಳಿಗೆ ಮೂರು ತಿಂಗಳು ಮುಟ್ಟು ನಿಂತರೆ ‘ತಾಲೀಮು ಜೋರಾಗಿದೆ, ಸಹಜ’ ಎನ್ನುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಊಟ ಸಾಲದೆ ಮೂಳೆ ಸವೆಯುವ ಮುನ್ಸೂಚನೆ ಅದಾಗಿರಬಹುದು.

ಮಕ್ಕಳ ವಿಷಯದಲ್ಲಿ ಸರಳ ಲೆಕ್ಕ: ವಾರಕ್ಕೆ ತರಬೇತಿಯ ಗಂಟೆಗಳು ವಯಸ್ಸನ್ನು ದಾಟಬಾರದು, ಹನ್ನೊಂದರ ಮಗುವಿಗೆ 11 ಗಂಟೆಯೇ ಗರಿಷ್ಠ. ಬೆಳೆಯುವ ವಯಸ್ಸಿನಲ್ಲಿ ಹಿಮ್ಮಡಿಯ ಹಿಂದೆ ಅಥವಾ ಮಂಡಿಯ ಕೆಳಗಿನ ಉಬ್ಬಿನಲ್ಲಿ ನೋವು ಎಂದರೆ ಅದು ನೆಪವಲ್ಲ. ಮೂಳೆ ಬೆಳೆಯುವ ಜಾಗವನ್ನು ರಜ್ಜು ಎಳೆಯುತ್ತಿದೆ, ಲಂಜ್ ಇಳಿಸಿ.

ನೋವು ಬಂದಾಗ

ನೋವಿಗೆ 0–10ರ ಅಂಕ ಕೊಡಿ. 3ರವರೆಗೆ, ಮರುದಿನ ಬೆಳಿಗ್ಗೆ ಹೆಚ್ಚಿರದಿದ್ದರೆ ಆಡಬಹುದು. 4–5 ಇದ್ದರೆ ಲಂಜ್ ಬಿಟ್ಟು ಕೈಯ ಕೆಲಸ. ಅದಕ್ಕಿಂತ ಹೆಚ್ಚಾದರೆ, ಅಥವಾ ಕುಂಟುತ್ತಿದ್ದರೆ, ನಿಲ್ಲಿಸಿ. ನೋವಿನ ಮಾತ್ರೆ ನುಂಗಿ ಆಡುವುದು ಈ ಅಂಕಪಟ್ಟಿಯನ್ನೇ ಸುಳ್ಳು ಮಾಡುತ್ತದೆ.

ಹರಡು ಉಳುಕಿದರೆ ನೀವೇ ಎಳೆದು ತಿರುಗಿಸಬೇಡಿ, ಬಿಸಿ ಎಣ್ಣೆ ಹಚ್ಚಿ ತಿಕ್ಕಿಸಬೇಡಿ. ಕ್ರೇಪ್ ಬ್ಯಾಂಡೇಜ್ ಕಟ್ಟಿ, ಕಾಲನ್ನು ಎತ್ತರಿಸಿ, ಎರಡು ದಿನ ಭಾರ ಕಡಿಮೆ ಮಾಡಿ. ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಹರಡಿನ ಯಾವುದೇ ಒಂದು ಬದಿಯ ಮೂಳೆಗುಬ್ಬಿಯ ಹಿಂಬದಿಯನ್ನು ಒತ್ತಿದಾಗ ಮೂಳೆಯೇ ನೋಯುತ್ತಿದ್ದರೆ ಎಕ್ಸ್‌ರೇ ಮಾಡಿಸಿ. ಮೂರನೇ ದಿನದಿಂದ ಪಾದವನ್ನು ಮೆಲ್ಲಗೆ ಆಡಿಸಲು ಶುರು ಮಾಡಿ. ಪೂರ್ತಿ ಅಲ್ಲಾಡಿಸದೆ ಇಟ್ಟರೆ ಮುಂದಿನ ಉಳುಕು ಬೇಗ ಬರುತ್ತದೆ.

ಯಾರೋ ಹಿಂದಿನಿಂದ ಒದ್ದಂತೆ ಮೀನಖಂಡದಲ್ಲಿ ‘ಟಪ್’ ಎಂದರೆ, ಮಂಡಿ ಸಿಕ್ಕಿಹಾಕಿಕೊಂಡು ಪೂರ್ತಿ ಚಾಚಲೋ ಮಡಿಸಲೋ ಆಗದಿದ್ದರೆ, ರಾತ್ರಿಯೂ ಒಂದೇ ಜಾಗದ ಮೂಳೆ ನೋಯುತ್ತಿದ್ದರೆ ಅಂದೇ ವೈದ್ಯರಲ್ಲಿಗೆ. ಮುರಿದ ಅಲಗು ಕಂಕುಳಲ್ಲಿ ಅಥವಾ ಎದೆಯಲ್ಲಿ ಚುಚ್ಚಿದ್ದರೆ ಗಾಯ ಸಾಸಿವೆಯಷ್ಟೇ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು.

ಉಳುಕಿದ ಕಾಲು ಆಟಕ್ಕೆ ಮರಳುವ ಏಣಿ ಹೀಗೆ: ನೋವಿಲ್ಲದೆ ಚುರುಕು ನಡಿಗೆ, ಒಂಟಿಕಾಲಿನಲ್ಲಿ 20 ಹಿಮ್ಮಡಿ ಎತ್ತುವಿಕೆ, ಒಂಟಿಕಾಲಿನಲ್ಲಿ ಹತ್ತು ಕುಪ್ಪಳಿಕೆ, ಹೆಜ್ಜೆ ಮುಂದೆ-ಹಿಂದೆ, ಅರ್ಧ ಲಂಜ್ 20, ಪೂರ್ಣ ಲಂಜ್ 20, ಕೋಚ್ ಜೊತೆ ಪಾಠ, ಕೊನೆಗೆ ಬೌಟ್. ಒಂದೊಂದು ಮೆಟ್ಟಿಲಿಗೂ ಕನಿಷ್ಠ ಒಂದು ದಿನ. ಮರುದಿನ ಬೆಳಿಗ್ಗೆ ಬಾವು ಬಂದಿದ್ದರೆ ಒಂದು ಮೆಟ್ಟಿಲು ಕೆಳಗೆ. ಮರಳಿದ ಮೊದಲ ಎರಡು ವಾರ 5 ಪಾಯಿಂಟ್ ಬೌಟ್ ಮಾತ್ರ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚಿಲ್ಲ, ಹರಡಿಗೆ ಟೇಪ್ ಅಥವಾ ಬ್ರೇಸ್ ಹಾಕಿಕೊಂಡೇ. ಓಡಿಬಂದು ಎರಗುವ ಫ್ಲೆಶ್ ಅನ್ನು ಮೂರನೇ ವಾರಕ್ಕಿಟ್ಟುಕೊಳ್ಳಿ, ಎದುರಾಳಿಗೂ ಅದನ್ನು ಮುಂಚೆಯೇ ಹೇಳಿಬಿಡಿ.